ನಟ್ಟಿನ ನಾಲಿಗೆಯ ಗಂಟೆ

ಆಸ್ಪತ್ರೆ ಮಂಚವನ್ನು ಚಾಮರಾಜಪೇಟೆಯ ಹಳೇ ಮನೆಗಳ ಮಹಡಿಗೆ ಹತ್ತಿಸಬೇಕಾದರೆ ಮೊದಲು ಅದು ಮಂಚ ಎನ್ನುವುದನ್ನೇ ಮರೆತುಬಿಡಬೇಕು. ತಲೆಭಾಗದ ಹಲಗೆ ಬೇರೆ, ಕಾಲಭಾಗದ್ದು ಬೇರೆ, ಪಕ್ಕದ ಕಂಬಿಗಳು ಬೇರೆ, ಗಾಲಿಗಳು ಬೇರೆ. ಬೆನ್ನು ಎತ್ತುವ ಹಿಡಿಯನ್ನೂ ಮೊಣಕಾಲು ಎತ್ತುವ ಹಿಡಿಯನ್ನೂ ಕಳಚಿ ಚೀಲಕ್ಕೆ ಹಾಕಿಕೊಳ್ಳಬೇಕು. ಇಲ್ಲದಿದ್ದರೆ ಮೆಟ್ಟಿಲ ತಿರುವಿನಲ್ಲಿ ಅವು ಗೋಡೆಯ ಸುಣ್ಣ ಕೆರೆಯುತ್ತವೆ, ಮನೆ ಓನರ್ ಕೆಳಗಿನಿಂದ ಕೂಗುತ್ತಾರೆ. ಮೇಲೆ ಹೋದ ಮೇಲೆ ಎಲ್ಲವನ್ನೂ ಮತ್ತೆ ಜೋಡಿಸಿ, ಅಡಿಯ ತಿರುಪಿನ ಸರಳಿಗೆ ಗ್ರೀಸ್ ಸವರಿ, ಆರೋಗ್ಯವಾಗಿರುವ ಯಾರನ್ನಾದರೂ ಮಲಗಿಸಿ ಒಮ್ಮೆ ಎತ್ತಿ ಇಳಿಸಿ ನೋಡಬೇಕು. ರೋಗಿಯ ಮಂಚದಲ್ಲಿ ಮಲಗಲು ಆರೋಗ್ಯವಂತರು ಯಾರು ಒಪ್ಪುತ್ತಾರೆ? ಹಾಗಾಗಿ ನಾನೇ ಮಲಗುತ್ತಿದ್ದೆ. ಹಿಡಿ ತಿರುಗಿಸುತ್ತಿದ್ದವಳು ನನ್ನ ಹೆಂಡತಿ.

"ಸುಖ ಜಾಸ್ತಿ ಆಯ್ತು, ಏಳಿ ಇನ್ನ," ಎನ್ನುತ್ತಿದ್ದಳು.

ನನ್ನದು ಮಾಮೂಲ್‌ಪೇಟೆಯಲ್ಲಿ ನಟ್ಟು ಬೋಲ್ಟಿನ ಅಂಗಡಿ. ನಮ್ಮ ಸೇವಾ ಕ್ಲಬ್ಬಿನಲ್ಲಿ ಮಂಚಗಳ ಉಸ್ತುವಾರಿ ನನ್ನ ತಲೆಗೆ ಬಂದದ್ದಕ್ಕೆ ಅದೇ ಕಾರಣ, ಬೇರೆ ಯೋಗ್ಯತೆಯೇನೂ ಇಲ್ಲ. ಗುರುವಾರ ಸಂಜೆ ಚಾಮರಾಜಪೇಟೆಯ ಒಂದು ಮಹಡಿ ಹಾಲಿನಲ್ಲಿ ನಾವು ಸೇರುತ್ತೇವೆ. ಕಣ್ಣಿನ ಶಿಬಿರ ಮಾಡುತ್ತೇವೆ, ಶಾಲೆಗಳಿಗೆ ಬ್ಯಾಗು ಕೊಡುತ್ತೇವೆ, ಸಸಿ ನೆಡುತ್ತೇವೆ. ಸಸಿಗಿಂತ ಬ್ಯಾನರ್ ದೊಡ್ಡದಿರುತ್ತದೆ ಎಂದು ನನ್ನ ಹೆಂಡತಿ ಗೇಲಿ ಮಾಡುತ್ತಿದ್ದಳು. ಆದರೆ ಮಂಚದ ಕೆಲಸವನ್ನು ಅವಳು ಗೇಲಿ ಮಾಡಲಿಲ್ಲ. ಹಾಸಿಗೆ ಹಿಡಿದವರಿರುವ ಮನೆಗೆ ಮಂಚವನ್ನು ಬೇಕಾದಷ್ಟು ಕಾಲ ಉಚಿತವಾಗಿ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ಸು ತಂದು, ತೊಳೆದು, ಬಿನ್ನಿಪೇಟೆಯಲ್ಲಿ ಸದಸ್ಯರೊಬ್ಬರ ಶೆಡ್ಡಿನಲ್ಲಿ ಇಡುವುದು. ಕ್ಲಬ್ಬಿನ ಸದಸ್ಯ ನಾನು. ಈ ಕೆಲಸ ನಡೆಸುತ್ತಿದ್ದವಳು ಅವಳು.

ಎಲ್ಲ ಮನೆಯವರೂ ಒಂದು ಪ್ರಶ್ನೆ ಕೇಳಿಯೇ ಕೇಳುತ್ತಿದ್ದರು. ಎಲ್ಲ ಜೋಡಿಸಿ ಕೈ ಒರೆಸಿಕೊಳ್ಳುವ ಹೊತ್ತಿಗೆ ಮೆಲ್ಲಗೆ, "ಸಾರ್, ಇದ್ರ ಮೇಲೆ ಯಾರಾದ್ರೂ ಹೋಗಿದಾರಾ?" ನಾನು ಸ್ಪ್ಯಾನರ್ ಹುಡುಕುವವನಂತೆ ಚೀಲಕ್ಕೆ ಬಗ್ಗುತ್ತಿದ್ದೆ. ಅವಳು ಮಾತ್ರ ಹೊದಿಕೆ ಸರಿಮಾಡುತ್ತಲೇ ಹೇಳುತ್ತಿದ್ದಳು: "ಎದ್ದು ಓಡಾಡ್ದೋರು ಬೇಕಾದಷ್ಟು ಜನ ಇದಾರಮ್ಮ. ನಿಮ್ಮ ಅತ್ತೇನೂ ಎದ್ದೇಳ್ಲಿ ಅಂತಾನೇ ತಂದಿರೋದು." ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಕೇಳಿದವರಿಗೆ ಅಷ್ಟು ಸಾಕಾಗುತ್ತಿತ್ತು.

ಗಂಟೆ ಕಟ್ಟುವ ಪದ್ಧತಿಯೂ ಅವಳದೇ. ಮಲಗಿದವರು ಕೂಗಿ ಕರೆಯಲಾರರು, ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿದ್ದರೆ ಕೂಗಿದರೂ ಕೇಳಿಸದು. ಆದ್ದರಿಂದ ಪ್ರತಿ ಮಂಚದ ಪಕ್ಕದ ಕಂಬಿಗೂ ಲಾಡಿಯಲ್ಲಿ ಕಟ್ಟಿದ ಒಂದು ಪುಟ್ಟ ಹಿತ್ತಾಳೆ ಗಂಟೆ. ನನ್ನ ಅಂಗಡಿಯಿಂದ ನಾಲ್ಕು ಹೆಜ್ಜೆಯ ಪಾತ್ರೆ ಅಂಗಡಿಯಲ್ಲಿ ಕೂತು ಒಂದೊಂದನ್ನೂ ಅಲ್ಲಾಡಿಸಿ ಆರಿಸುತ್ತಿದ್ದಳು. ಅಂಗಡಿಯವನಿಗೆ ಸಾಕುಸಾಕಾಗುತ್ತಿತ್ತು. "ಮಲಗಿರೋರಿಗೆ ಎಷ್ಟೇ ಸಿಟ್ಟು ಬಂದು ಬಾರ್ಸುದ್ರೂ ಗಂಟೆ ಸಿಟ್ಟಾಗಿರೋ ಹಾಗೆ ಕೇಳ್ಸಬಾರ್ದು," ಎಂದು ಅವಳ ವಾದ. ಮಂಚ ವಾಪಸ್ಸು ಬಂದರೂ ಗಂಟೆಗಳು ಬರುತ್ತಿರಲಿಲ್ಲ, ಮನೆಯವರು ಇಟ್ಟುಕೊಂಡುಬಿಡುತ್ತಿದ್ದರು. ಮಂಚ ಬಿಚ್ಚುವವರು ಮೊದಲು ಗಂಟೆಯನ್ನು ಚೀಲಕ್ಕೆ ಹಾಕಿಕೊಳ್ಳಬೇಕು ಎಂದು ಆಮೇಲೆ ನಿಯಮ ಮಾಡಿದಳು.

ಇನ್ನೊಂದು ನಿಯಮವನ್ನೂ ಅವಳೇ ಮಾಡಿದ್ದಳು. ಮಲಗಿದವರು ತೀರಿಕೊಂಡರೆ, ಹಾಲುತುಪ್ಪ ಮುಗಿದ ಮೇಲೆ, ತಿಥಿಗೆ ಮುಂಚೆ, ಮನೆಯವರು ಕೇಳಲಿ ಬಿಡಲಿ, ನಾವೇ ಹೋಗಿ ಮಂಚ ತಂದುಬಿಡಬೇಕು. "ಖಾಲಿ ಮಂಚ ನೋಡ್ಕೊಂಡು ಯಾರೂ ಊಟ ಮಾಡ್ಬಾರ್ದು" ಎಂದಿದ್ದಳು.

ಆಮೇಲೆ ಅವಳಿಗೇ ಕಾಯಿಲೆ ಬಂತು. ಬೆನ್ನಿನಲ್ಲಿ ಶುರುವಾಗಿ ಮೈಯೆಲ್ಲ ಹರಡಿತು. ಶೆಡ್ಡಿನಿಂದ ಮಂಚವೊಂದು ನಮ್ಮ ಮನೆಗೇ ಬಂತು. ಜೋಡಿಸಿದ ಮೇಲೆ ರೂಢಿಯಂತೆ ನಾನು ಮಲಗಿ ನೋಡಿದೆ, ಹಿಡಿ ತಿರುಗಿಸಲು ಅವಳ ಕೈಯಲ್ಲಿ ಆಗಲಿಲ್ಲ. ಮೇಲಿನ ಮನೆಯಲ್ಲಿರುವ ಮಗಳು ಬಂದು ತಿರುಗಿಸಿದಳು.

ಮೊದಲ ವಾರದಲ್ಲೇ ಗಂಟೆಯ ನಾಲಿಗೆ ಕಳಚಿ ಬಿತ್ತು. ಹೊಸ ಗಂಟೆ ತರುತ್ತೇನೆಂದರೆ ಅವಳು ಬೇಡವೆಂದಳು. ಅಂಗಡಿಯಿಂದ ಒಂದು ಸ್ಟೀಲ್ ನಟ್ಟು ತಂದು ತಂತಿಯಲ್ಲಿ ಪೋಣಿಸಿ ನಾಲಿಗೆಯ ಜಾಗದಲ್ಲಿ ನೇತುಹಾಕಿದೆ. "ಗಂಟೆಗೂ ನಿಮ್ಮ ಅಂಗಡಿ ಮಾಲೇ ಆಗ್ಬೇಕಿತ್ತಾ?" ಎಂದು ನಕ್ಕಳು. ಆದರೆ ಅದರಿಂದ ಅನುಕೂಲವೇ ಆಯಿತು. ನಟ್ಟು ಭಾರ, ಬೆರಳು ತಗುಲಿದರೂ ಸಾಕು, ಬಾರಿಸುತ್ತಿತ್ತು. ಸದ್ದು ಮಾತ್ರ ಬದಲಾಯಿತು. ಬೇರೆ ಗಂಟೆಗಳು 'ಠಿಣ್' ಎಂದರೆ ಇದು 'ಟೊಣ್' ಎನ್ನುತ್ತಿತ್ತು, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಕರೆದ ಹಾಗೆ.

ಆ ಸದ್ದು ಕೇಳಿದರೆ ನಾನು ಎಲ್ಲಿದ್ದರೂ "ಬಂದೆ ಕಣೇ, ಬಂದೆ" ಎಂದು ಕೂಗಿಕೊಂಡು ಓಡುತ್ತಿದ್ದೆ. ನೀರು ಬೇಕಿರುತ್ತಿತ್ತು, ಬೆನ್ನು ಎತ್ತಬೇಕಿರುತ್ತಿತ್ತು. ಕೆಲವು ಸಲ ಏನೂ ಬೇಕಿರುತ್ತಿರಲಿಲ್ಲ.

"ಏನೇ?"

"ಏನಿಲ್ಲ. ಬರ್ತೀರೋ ಇಲ್ವೋ ನೋಡ್ದೆ."

"ಒಲೆ ಮೇಲೆ ಹಾಲಿಟ್ಟು ಬಂದಿದೀನಿ ಕಣೇ!" ಎಂದು ರೇಗುತ್ತಿದ್ದೆ. ಅವಳಿಗೆ ನಾನು ರೇಗುವುದು ನೋಡಲು ಇಷ್ಟ. ಎಷ್ಟು ಹಾಲು ಉಕ್ಕಿ ಹೋಯಿತೋ ಲೆಕ್ಕವಿಲ್ಲ. ಈಗ ಹಾಲು ಉಕ್ಕುವುದಿಲ್ಲ, ಒಲೆಯ ಮುಂದೆಯೇ ನಿಂತಿರುತ್ತೇನೆ.

ಅವಳು ಹೋದಳು. ಹಾಲುತುಪ್ಪ ಮುಗಿಯಿತು. ಅಳಿಯನ ಜೊತೆ ಅಸ್ಥಿ ಬಿಡಲು ಶ್ರೀರಂಗಪಟ್ಟಣಕ್ಕೆ ಹೋಗಿ ಸಂಜೆ ಬಂದರೆ ಕೋಣೆ ಖಾಲಿ. ಫಿನಾಯಿಲ್ ಹಾಕಿ ಒರೆಸಿದ ವಾಸನೆ. ಕೆಂಪು ಗಾರೆ ನೆಲದ ಮೇಲೆ ನಾಲ್ಕು ಗಾಲಿಗಳ ಗುರುತು ಮಾತ್ರ ಉಳಿದಿತ್ತು. ಕ್ಲಬ್ಬಿನ ಗೆಳೆಯರು ಬಂದು ಮಂಚ ಬಿಚ್ಚಿಕೊಂಡು ಹೋಗಿದ್ದರು, ನಿಯಮದ ಪ್ರಕಾರ ಗಂಟೆಯ ಸಮೇತ. ನನಗೆ ಸಂಕಟವಾಗಬಾರದೆಂದೇ ನಾನಿಲ್ಲದ ದಿನ ನೋಡಿ ಬಂದಿದ್ದರು. ಮಗಳು ಕೂಡ ಒಳ್ಳೆಯದಾಯಿತೆಂದೇ ಅಂದುಕೊಂಡಿದ್ದಳು. ಯಾರ ಮೇಲೆ ಸಿಟ್ಟು ಮಾಡಲಿ? ನಿಯಮ ಮಾಡಿದ್ದು ಹೋದವಳೇ. ಆ ಗುರುತುಗಳ ಪಕ್ಕ ನೆಲದ ಮೇಲೆ ಕೂತು ನಾನು ಅತ್ತೆ. ಆ ದಿನದವರೆಗೆ ಅತ್ತಿರಲಿಲ್ಲ.

ಆಮೇಲೆ ಬಹಳ ಕಾಲ ಕ್ಲಬ್ಬಿನ ಕಡೆ ತಲೆ ಹಾಕಲಿಲ್ಲ. ಅಂಗಡಿಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಒಂದು ಮಧ್ಯಾಹ್ನ ಗಿರಾಕಿಯೊಬ್ಬರಿಗೆ ತೂಗಲು ಹಿಡಿ ನಟ್ಟು ತೆಗೆದು ತಕ್ಕಡಿಯ ಹಿತ್ತಾಳೆ ತಟ್ಟೆಗೆ ಹಾಕಿದೆ. ಮೊದಲು ಬಿದ್ದ ನಟ್ಟು 'ಟೊಣ್' ಎಂದಿತು. ಉಳಿದವನ್ನು ಹಾಕಲು ಕೈ ಬರಲಿಲ್ಲ. "ಯಾಕ್ ಸಾರ್, ಸ್ಟಾಕ್ ಇಲ್ವಾ?" ಎಂದು ಗಿರಾಕಿ ಕೇಳಿದರು. ನನಗೆ ಬೇಕಾಗಿದ್ದೇನು ಎಂದು ಆಗ ಸ್ಪಷ್ಟವಾಯಿತು. ಫೋಟೋ ಇತ್ತು, ಸೀರೆಗಳಿದ್ದವು. ಬೇಕಾಗಿದ್ದದ್ದು ಆ ಗಂಟೆ.

ಮುಂದಿನ ಗುರುವಾರ ಮೀಟಿಂಗಿಗೆ ಹೋದೆ. ಕಾರ್ಯದರ್ಶಿ ನನ್ನ ಹಳೇ ಗೆಳೆಯ, ಬಸವನಗುಡಿಯಲ್ಲಿ ಅಡುಗೆ ಕಾಂಟ್ರಾಕ್ಟ್ ಮಾಡುತ್ತಾನೆ. ಮೆಟ್ಟಿಲ ಬಳಿ ನಿಲ್ಲಿಸಿ, ನಮ್ಮ ಮನೆಯ ಮಂಚದ ಗಂಟೆ ಎಲ್ಲಿದೆ ಎಂದು ಕೇಳಿದೆ.

"ಅಯ್ಯೋ ಗುರು, ಆ ತಿಂಗ್ಳು ಎಲ್ಲಾ ಮಂಚಕ್ಕೂ ಪೇಂಟ್ ಹೊಡೆಸಿದ್ವಲ್ಲ. ಗಂಟೆಗಳ್ನ ಬಿಚ್ಚಿ ಒಂದೇ ಬಕೆಟ್ಟಿಗೆ ಹಾಕಿ, ಹುಣಸೇಹಣ್ಣು ಹಾಕಿ ತಿಕ್ಕಿಸ್ದೆ. ಆಮೇಲೆ ಕೈಗೆ ಸಿಕ್ಕಿದ್ನ ಕಟ್ಟಿ ಕಳಿಸ್ದೆ. ಮಂಚ ಎಲ್ಲಾ ಆಚೆ ಹೋಗಿದಾವೆ." ನನ್ನ ಮುಖ ನೋಡಿ ದನಿ ಇಳಿಸಿದ. "ತಪ್ಪಾಯ್ತಾ?"

"ಇಲ್ಲ ಬಿಡು. ಪಳಪಳ ಅಂತಿರ್ಬೇಕು."

ಅವನು ಮಾಡಿದ್ದು ಒಳ್ಳೆಯ ಕೆಲಸವೇ. ಫೋನ್ ಮಾಡಿ ವಿಚಾರಿಸೋಣವೆಂದರೆ, ರೋಗಿ ಇರುವ ಮನೆಗೆ 'ನಿಮ್ಮ ಗಂಟೆ ಬಗ್ಗಿಸಿ ಅದರ ನಾಲಿಗೆ ನೋಡಿ ಹೇಳಿ' ಎಂದು ಯಾವ ಬಾಯಲ್ಲಿ ಕೇಳುವುದು? ಒಳಗೆ ಅಧ್ಯಕ್ಷೆ ಮೇಜಿನ ಗಂಟೆ ಹೊಡೆದು ಸಭೆ ಶುರುಮಾಡಿದರು. ಹೊಸ ವಿಷಯ ಯಾರಿಗಾದರೂ ಇದೆಯೇ ಎಂದು ಕೇಳಿದಾಗ ನಾನು ಎದ್ದು ನಿಂತೆ. ಹೊರಗಿರುವ ಮಂಚಗಳನ್ನು ಯಾರೂ ನೋಡಿಕೊಳ್ಳುತ್ತಿಲ್ಲ, ತಿರುಪು ಒಣಗಿದರೆ ರೋಗಿಗೆ ಕಷ್ಟ, ಮನೆಮನೆಗೆ ಹೋಗಿ ತಪಾಸಣೆ ಮಾಡಿ ಬರುತ್ತೇನೆ ಎಂದೆ. ಚಪ್ಪಾಳೆ ಬಿತ್ತು. ನಮ್ಮ ಕ್ಲಬ್ಬಿನಲ್ಲಿ ಯಾರಾದರೂ ಕುರ್ಚಿಯಿಂದ ಎದ್ದರೆ ಸಾಕು, ಶಾಲು ರೆಡಿ ಇರುತ್ತದೆ. ದುಃಖದಲ್ಲೂ ಸೇವೆ ಮರೆಯದವರು ಎಂದು ಅಧ್ಯಕ್ಷೆ ನನಗೆ ಹೊದಿಸಿಯೇಬಿಟ್ಟರು. ಶಾಲಿನೊಳಗೆ ನಾನು ನಾಚಿಕೆಯಿಂದ ಬೆವರಿದೆ.

ಚೀಲದಲ್ಲಿ ಗ್ರೀಸ್ ಡಬ್ಬಿ, ಸ್ಪ್ಯಾನರ್‌ಗಳು, ಒರೆಸಲು ಬನಿಯನ್ ವೇಸ್ಟು, ಒಂದಷ್ಟು ನಟ್ಟು, ತಂತಿ. ಜೊತೆಗೆ ಬದಲಿಗೆ ಕೊಡಲು ಪಾತ್ರೆ ಅಂಗಡಿಯಿಂದ ತಂದ ಹೊಸ ಗಂಟೆ. ಅದನ್ನು ಅಲ್ಲಾಡಿಸಿ ಆರಿಸಲು ನನಗೂ ಬಹಳ ಹೊತ್ತು ಹಿಡಿಯಿತು. ಪ್ರತಿ ಮನೆಯಲ್ಲೂ ಕೆಲಸ ಮಾತ್ರ ಚೊಕ್ಕವಾಗಿ ಮಾಡಿದೆ. ಹಳೇ ಗ್ರೀಸು ಒಣಗಿ ಕಪ್ಪು ಮೇಣವಾಗಿರುತ್ತದೆ, ಅದನ್ನು ಪೂರ್ತಿ ಒರೆಸದೆ ಹೊಸದು ಹಾಕಿದರೆ ಧೂಳು ಇನ್ನಷ್ಟು ಕಚ್ಚಿಕೊಳ್ಳುತ್ತದೆ. ಗಾಲಿಯ ಬ್ರೇಕು, ಕಂಬಿಯ ಚಿಲಕ ಎಲ್ಲ ನೋಡಿ, ಕೊನೆಗೆ ತೀರ ಮಾಮೂಲಿಯಂತೆ, "ಗಂಟೆ ಸರಿಯಾಗಿ ಕೇಳ್ಸುತ್ತಾ?" ಎಂದು ಕೈ ಹಾಕುತ್ತಿದ್ದೆ.

ಬಸವನಗುಡಿಯ ಮನೆಯಲ್ಲಿ ಅಜ್ಜಿಯೊಬ್ಬರು ನನ್ನ ಕೈ ತಡೆದರು. "ತಮ್ಮಾ, ಮುಟ್ಬೇಡ. ಈಗಷ್ಟೇ ಕಾಫಿಗೆ ಬಾರ್ಸಿದೀನಿ, ಮತ್ತೆ ಬಾರ್ಸುದ್ರೆ ಸೊಸೆ ಬೈತಾಳೆ." ನಾನು ತಡೆಯಲಾರದೆ ಅಲ್ಲಾಡಿಸಿದೆ. 'ಠಿಣ್' ಎಂದಿತು. ಸೊಸೆ ಓಡಿ ಬಂದು ಅಜ್ಜಿಗೆ ಬೈದರು. ಮಲ್ಲೇಶ್ವರದ ಇನ್ನೊಂದು ಮನೆಯಲ್ಲಿ ಮಂಚ ಬಾಲ್ಕನಿಯಲ್ಲಿತ್ತು, ಅದರ ಮೇಲೆ ಬಿಳೀ ಪಂಚೆ ಹಾಸಿ ಸಂಡಿಗೆ ಒಣಹಾಕಿದ್ದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ರೋಗಿ ಎಲ್ಲಮ್ಮ?" ಎಂದು ಗದರಿದೆ. "ಪಾರ್ಕಿಗೆ ವಾಕಿಂಗ್ ಹೋಗಿದಾರೆ ಸಾರ್. ನೀವು ಮಂಚ ಕೊಟ್ಟಿದ್ದು ದೇವರು ಬಂದ ಹಾಗಾಯ್ತು," ಎಂದು ಆಕೆ ಕೈಮುಗಿದರು. ಸಂತೋಷಪಡಬೇಕಾದ ವಿಷಯ. ಎದ್ದು ಓಡಾಡಿದವರು ಬೇಕಾದಷ್ಟು ಜನ ಇದ್ದಾರೆ ಎನ್ನುತ್ತಿದ್ದವಳ ಮಾತು ಕಣ್ಣೆದುರೇ ನಿಜವಾಗಿತ್ತು. ನಾನು ದೇವರಮನೆಗೆ ಹೋಗಿ ಅವರು ಅಲ್ಲಿಟ್ಟಿದ್ದ ಗಂಟೆಯನ್ನು ಬಗ್ಗಿಸಿ ನೋಡಿದೆ. ನಟ್ಟಿರಲಿಲ್ಲ.

ಹೀಗೆ ಮನೆಗಳು ಮುಗಿಯುತ್ತ ಬಂದವು. ಎಲ್ಲಾದರೂ ಕಳೆದೇ ಹೋಗಿರಬೇಕು, ನಟ್ಟು ನೇತಾಡುವ ಗಂಟೆ ಕೆಟ್ಟದ್ದೆಂದು ಯಾರೋ ಬಿಸಾಡಿರಬೇಕು ಎಂದುಕೊಂಡೆ. ಉಳಿದಿದ್ದದ್ದು ವೈಯಾಲಿಕಾವಲ್‌ನ ಒಂದು ಮನೆ.

ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರ ಮನೆ ಅದು. ಲಕ್ವ ಹೊಡೆದು ಬಲಗೈ ಹೋಗಿತ್ತು, ಮಾತೂ ಹೋಗಿತ್ತು. ನಾನು ಹೋದಾಗ ಅವರು ಮಲಗಿ ನಿದ್ದೆ ಮಾಡುತ್ತಿದ್ದರು. "ಸ್ವಲ್ಪ ಕೂತ್ಕೊಳಿ ಅಣ್ಣ, ಎದ್ದ ಮೇಲೆ ನೋಡೀರಂತೆ," ಎಂದು ಅವರ ಹೆಂಡತಿ ನಡುಮನೆಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಎದುರಿಗೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಎರಡು ಗುಟುಕು ಕುಡಿದಿರಬೇಕು.

ಒಳಗಿನಿಂದ 'ಟೊಣ್ ಟೊಣ್' ಎಂದಿತು.

"ಬಂದೆ ಕಣೇ, ಬಂದೆ!"

ಕೂಗಿದ್ದು ನಾನೇ. ಲೋಟ ಯಾವಾಗ ಕೆಳಗಿಟ್ಟೆನೋ ತಿಳಿಯದು, ನಾನಾಗಲೇ ಆ ಕೋಣೆಯಲ್ಲಿದ್ದೆ. ಮಂಚದ ಮೇಲಿನ ಗಂಡಸು ಗಡ್ಡ ಬೆಳೆದ ಮುಖ ಎತ್ತಿ ಗಾಬರಿಯಿಂದ ನನ್ನನ್ನು ನೋಡಿದರು. ಎಡಗೈ ಇನ್ನೂ ಗಂಟೆಯ ಮೇಲಿತ್ತು. ನಾನು ಮಂಚದ ಕಾಲಭಾಗಕ್ಕೆ ಹೋಗಿ ಹಿಡಿ ಹಿಡಿದು, ಬೆನ್ನನ್ನು ನಿಧಾನವಾಗಿ ಎತ್ತಿದೆ. ಅವರಿಗೂ ಅದೇ ಬೇಕಾಗಿತ್ತಂತೆ. ಕಣ್ಣಲ್ಲೇ ಸಾಕೆಂದರು, ನಿಲ್ಲಿಸಿದೆ.

ಅವರ ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದರು. "ಒಂದ್ಸಲ ಬಾರ್ಸುದ್ರೆ ಸ್ಟಾಪು, ಸಾಕು ಅಂತ. ಎರಡ್ಸಲ ಬಾರ್ಸುದ್ರೆ ರೈಟ್, ಮೇಲೆತ್ತು ಅಂತ. ಸರ್ವೀಸಲ್ಲಿ ಇದ್ದಂಗೇನೇ. ನಿಮ್ಗೆ ಹೆಂಗ್ ಗೊತ್ತಾಯ್ತಣ್ಣ?" ಎಂದರು. ಆಮೇಲೆ ಮೆಲ್ಲಗೆ, "ಕಣೇ ಅಂದ್ರಲ್ಲ, ಯಾರ್ನ?"

ನಾನು ಹೇಳಿದೆ. ಮಂಚದ ಅಂಚಿನಲ್ಲಿ ಕೂತು, ಗಂಡ ಹೆಂಡತಿ ಇಬ್ಬರಿಗೂ ಎಲ್ಲವನ್ನೂ ಹೇಳಿದೆ. ಆ ತಾಯಿ ಲಾಡಿಯ ಗಂಟು ಬಿಚ್ಚಿ ಗಂಟೆಯನ್ನು ನನ್ನ ಕೈಯಲ್ಲಿಟ್ಟು, ಎರಡೂ ಕೈಯಿಂದ ನನ್ನ ಕೈ ಮುಚ್ಚಿದರು. ನಾನು ಹೊಸ ಗಂಟೆ ಕಟ್ಟಿದೆ. ಕಂಡಕ್ಟರ್ ಎಡಗೈಯಲ್ಲಿ ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಆ ಕೈಯಲ್ಲೂ ಹೆಚ್ಚು ಶಕ್ತಿ ಉಳಿದಿರಲಿಲ್ಲ, ಅಷ್ಟು ಮೆಲ್ಲಗೆ ಅಲ್ಲಾಡಿಸಿದರೆ ಅದರ ಹಗುರ ನಾಲಿಗೆ ತಗುಲುತ್ತಿರಲಿಲ್ಲ. ನನ್ನ ಚೀಲದಲ್ಲಿ ನಟ್ಟಿಗೇನು ಬರ? ಅದೇ ಅಳತೆಯದ್ದನ್ನು ತಂತಿಯಲ್ಲಿ ಪೋಣಿಸಿ ಕಟ್ಟಿದೆ. ಆಗ ಸದ್ದು ಬಂತು. ಅವರು ತಲೆಯಾಡಿಸಿದರು. ನಾನು ಹೊರಡುವಾಗ ನನ್ನ ಚೀಲದ ಕಡೆಗೊಮ್ಮೆ ನೋಡಿದರು. ಆ ನೋಟಕ್ಕೆ ಆಗ ನಾನು ಹೆಚ್ಚು ಗಮನ ಕೊಡಲಿಲ್ಲ. ಬಸ್ಸಿನಲ್ಲಿ ಗಂಟೆ ಅಲ್ಲಾಡದಂತೆ ಕರವಸ್ತ್ರದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದೆ.

ಅವಳ ಕೋಣೆಯ ಕಿಟಕಿಯ ಸರಳಿಗೆ ಕಟ್ಟಿದೆ. ಮಂಚವಿದ್ದಾಗ ಅವಳ ಕೈ ಇರುತ್ತಿದ್ದ ಎತ್ತರಕ್ಕೇ ಕಟ್ಟಿದೆ. ಬೆರಳಿನಿಂದ ತಟ್ಟಿದೆ.

'ಟೊಣ್.'

ಸದ್ದು ಅದೇ. ಆದರೆ ಕರೆದವನೂ ನಾನೇ, ಬರಬೇಕಾದವನೂ ನಾನೇ. ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಇಷ್ಟು ಮನೆ ಸುತ್ತುವಾಗ ಒಮ್ಮೆಯೂ ಹೊಳೆದಿರಲಿಲ್ಲ. ಮತ್ತೊಮ್ಮೆ ತಟ್ಟಿದೆ. ಮೆಟ್ಟಿಲ ಮೇಲೆ ದಡದಡ ಹೆಜ್ಜೆ ಕೇಳಿತು. ಮಗಳು ಬಾಗಿಲಲ್ಲಿ ಬಂದು ನಿಂತಳು, ಕೈಯೆಲ್ಲ ಹಿಟ್ಟು. ಅವಳ ಮುಖ ಬಿಳುಚಿಕೊಂಡಿತ್ತು. ಕೋಣೆಯ ಖಾಲಿ ಜಾಗ ನೋಡಿದಳು, ಕಿಟಕಿ ನೋಡಿದಳು, ನನ್ನನ್ನು ನೋಡಿದಳು.

"ನೀನಾ ಅಪ್ಪ?" ಎಂದಳು. ಉಸಿರು ಸುಧಾರಿಸಿಕೊಂಡು, "ಇನ್ನೊಂದ್ಸಲ ಬಾರ್ಸಬೇಡಪ್ಪ. ನಂಗ್ ತಡ್ಕೊಳೋಕಾಗಲ್ಲ," ಎಂದಳು.

ಅವಳೂ ಅಮ್ಮ ಕರೆಯುತ್ತಿದ್ದ ಆ ಸದ್ದನ್ನೇ ಕೇಳಿ ಇಳಿದು ಬಂದಿದ್ದಳು. ಅಪ್ಪ ಮಗಳು ಇಬ್ಬರೂ ಆ ನಾಲ್ಕು ಗುರುತುಗಳ ನಡುವೆ ಕೂತೆವು. ಅವಳ ಕೈಯ ಹಿಟ್ಟು ನನ್ನ ಅಂಗಿಗೆಲ್ಲ ಮೆತ್ತಿಕೊಂಡಿತು. ಯಾರೂ ಬಾರಿಸದಿದ್ದರೆ ಗಂಟೆ ಬರೀ ಹಿತ್ತಾಳೆ. ನಾವೇ ಬಾರಿಸಿದರೆ ಅದು ಸುಳ್ಳು. ಯಾರಾದರೂ ಒಬ್ಬರು ನಿಜವಾಗಿ ಕರೆಯಬೇಕು, ಇನ್ನೊಬ್ಬರು ನಿಜವಾಗಿ ಹೋಗಬೇಕು. ನನ್ನ ಹೆಂಡತಿಗೆ ಇದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಗಂಟೆ ಮಂಚದ ಜೊತೆಗೇ ಹೋಗಬೇಕೆಂದಿದ್ದಳು. ಮಗಳೇ ಎದ್ದು ಲಾಡಿ ಬಿಚ್ಚಿದಳು.

ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯದೆ ವೈಯಾಲಿಕಾವಲ್‌ಗೆ ಹೋದೆ. ನನ್ನ ಕೈಯಲ್ಲಿ ಕರವಸ್ತ್ರದ ಗಂಟು ನೋಡಿದ್ದೇ ಆ ತಾಯಿಗೆ ಅರ್ಥವಾಯಿತು. "ಹೊಸದು ಚೆನ್ನಾಗೇ ಇದೆ ಅಣ್ಣ. ಇವರೇ ನಿನ್ನೆಯಿಂದ ಮುಟ್ತಿಲ್ಲ," ಎಂದರು. ಅದು ನಿಜವೋ, ನನಗೆ ಸಮಾಧಾನವಾಗಲೆಂದು ಹೇಳಿದ ಮಾತೋ, ನಾನು ಕೇಳಲಿಲ್ಲ. ಹಳೆಯದನ್ನು ಕಂಬಿಗೆ ಕಟ್ಟಿ, ಎರಡು ಗಂಟು ಹಾಕಿದೆ. ಹೊಸದು ಶೆಡ್ಡಿಗೆ ಹೋಯಿತು, ಮುಂದಿನ ಮಂಚಕ್ಕೆ.

"ಈ ತಿರುಪು ಬೇಗ ಒಣಗುತ್ತಮ್ಮ. ವಾರಕ್ಕೊಂದ್ಸಲ ನೋಡ್ಬೇಕಾಗುತ್ತೆ," ಎಂದೆ.

ಸರಿಯಾಗಿ ಗ್ರೀಸ್ ಹಾಕಿದ ತಿರುಪು ತಿಂಗಳುಗಟ್ಟಲೆ ಒಣಗುವುದಿಲ್ಲ. ಅದು ಆ ತಾಯಿಗೂ ಗೊತ್ತಿದ್ದಂತಿತ್ತು. "ವಾರ ವಾರ ಬನ್ನಿ ಅಣ್ಣ," ಎಂದರು. "ಬಂದಾಗ ಕಾಫಿ ಕುಡ್ಕೊಂಡೇ ಹೋಗ್ಬೇಕು."

ಈಗ ವಾರ ವಾರ ಹೋಗುತ್ತೇನೆ. ನಡುಮನೆಯಲ್ಲಿ ಕೂರುತ್ತೇನೆ. ಒಳಗೆ ಗಂಟೆ ಬಾರಿಸಿದರೆ ಆ ತಾಯಿ ಏಳುವುದಿಲ್ಲ, ಕೈಯಲ್ಲಿನ ಕೆಲಸ ಮಾಡುತ್ತಲೇ ನನ್ನ ಕಡೆ ನೋಡುತ್ತಾರೆ. ನಾನು "ಬಂದೆ" ಎಂದು ಕೂಗಿ ಏಳುತ್ತೇನೆ. 'ಕಣೇ' ಎನ್ನುವುದನ್ನು ಮಾತ್ರ ಬಾಯೊಳಗೇ ಇಟ್ಟುಕೊಳ್ಳುತ್ತೇನೆ.

ಹೋದ ವಾರ ಕಾಫಿ ಇನ್ನೂ ಬಿಸಿಯಿತ್ತು. ಒಂದೇ ಸಲ ಬಾರಿಸಿತು. ಓಡಿದೆ. ನೀರು ಬೇಕೇ ಎಂದೆ, ಕಂಡಕ್ಟರ್ ತಲೆಯಾಡಿಸಿದರು, ಬೇಡ. ಬೆನ್ನು ಎತ್ತಲೇ ಎಂದೆ, ಬೇಡ. ಇಳಿಸಲೇ? ಬೇಡ. ಹೊದಿಕೆ? ಅದೂ ಬೇಡ. ಮತ್ತೇನು ಎಂದು ರೇಗುವ ಹೊತ್ತಿಗೆ ಅವರ ಮುಖ ನೋಡಿದೆ. ಸರಿಯಿದ್ದ ಎಡಗಡೆಯ ತುಟಿಯಂಚಿನಲ್ಲಿ ನಗುತ್ತಿದ್ದರು.

ಏನೂ ಬೇಕಿರಲಿಲ್ಲ. ಬರುತ್ತೇನೋ ಇಲ್ಲವೋ ನೋಡಿದ್ದರು.